ಜ್ವರ ಬಂದ ದಿನದ ಕಾಯಕ



ದುಡಿಮೆಯನ್ನು ಪೂಜೆಯೆಂದೇ ತಿಳಿದು ಬಂದ ಮನೆತನಗಳು ನಮ್ಮವು. ಮಕ್ಕಳಿಗೆ ಬುದ್ಧಿ ಹೇಳುವಾಗ ಹಿರಿಯರ ಉದಾಹರಣೆ ಕೊಡುವುದು ನಮ್ಮಲ್ಲಿ ವಾಡಿಕೆ. ‘ಮೈ ಜ್ವರದಿಂದ ಸುಡುತ್ತಿದ್ದರೂ ನಿಮ್ಮ ಅಜ್ಜನವರು ಅಂಗಡಿಯ ಬಾಗಿಲು ತೆರೆಯದೆ ಇದ್ದವರಲ್ಲ’ ಎಂಬ ಮಾತು ಕೇಳಿಬರದ ಮನೆ ವಿರಳ. ಈ ಅಂಕಣದಲ್ಲಿಯೂ ಕಾಯಕನಿಷ್ಠೆಯ ಪ್ರಸ್ತಾಪ ಬಂದಾಗ ನಾವು ಅಂತಹ ಹಿರಿಯರನ್ನು ಮನಸಾರೆ ಕೊಂಡಾಡಿದ್ದುಂಟು. ಆದರೆ ಈ ತಿಂಗಳು ಆ ಕೊಂಡಾಟದ ಒಂದು ಭಾಗವನ್ನು ವಿನಯದಿಂದ ಹಿಂದಕ್ಕೆ ಪಡೆಯಬೇಕಾಗಿದೆ. ಅಂಟುಜ್ವರ ಹರಡಿದ ಕಾಲದಲ್ಲಿ ಜ್ವರಪೀಡಿತನಾದವನು ಕೆಲಸಕ್ಕೆ ಬರುವುದು ಕಾಯಕವಲ್ಲ, ಮನೆಯಲ್ಲಿ ಉಳಿಯುವುದೇ ಕಾಯಕ. ಹಾಗೆ ಉಳಿದವನ ಮನೆಯ ಒಲೆ ಆರದಂತೆ ನೋಡಿಕೊಳ್ಳುವುದು ಕೆಲಸ ಕೊಟ್ಟವನ ಕಾಯಕ. ಈ ಮಾತನ್ನು ನಾವು ಗ್ರಂಥದಿಂದ ಕಲಿತದ್ದಲ್ಲ, ತಪ್ಪು ಮಾಡಿ ಕಲಿತದ್ದು.

ಅದು ೨೦೨೧ರ ಏಪ್ರಿಲ್ ತಿಂಗಳು. ಕೊರೋನಾದ ಎರಡನೆಯ ಅಲೆ ನಾಡಿನ ಮೇಲೆ ಎರಗಿದ್ದ ಕಾಲ. ಆಗ ನಾವು ಒಂದು ಚಿಕ್ಕ ಪತ್ತಿನ ಸಹಕಾರಿ ಸಂಘದ ಆಡಳಿತ ಮಂಡಳಿಯಲ್ಲಿದ್ದೆವು. ವ್ಯವಸ್ಥಾಪಕರು, ನಗದು ಗುಮಾಸ್ತರು, ಇತರ ನಾಲ್ವರು ಗುಮಾಸ್ತರು, ಒಬ್ಬ ಸಿಪಾಯಿ, ಹೀಗೆ ಸಂಬಳದ ಮೇಲೆ ಏಳು ಜನ. ಇವರಲ್ಲದೆ, ದಿನವೂ ಅಂಗಡಿ ಮುಂಗಟ್ಟುಗಳನ್ನು ಸುತ್ತಿ ಪಿಗ್ಮಿ ಠೇವಣಿ ಸಂಗ್ರಹಿಸುವವರು ಇಬ್ಬರು. ಸಂಘದ ಬಾಗಿಲಲ್ಲಿ ಕೈತೊಳೆಯುವ ದ್ರವದ ಬಾಟಲಿ ಇತ್ತು. ಗೋಡೆಯ ಮೇಲೆ ಮುಖಗವಸು ಧರಿಸಿರೆಂಬ ಫಲಕ ಇತ್ತು. ಇಷ್ಟು ಮಾಡಿದ ಮೇಲೆ ನಮ್ಮ ಸಿದ್ಧತೆ ಪೂರ್ಣವಾಯಿತೆಂದು ಮಂಡಳಿಯವರೆಲ್ಲರೂ ನಂಬಿದ್ದೆವು.

ಪಿಗ್ಮಿ ಸಂಗ್ರಹಿಸುವ ಇಬ್ಬರಲ್ಲಿ ಒಬ್ಬರಿಗೆ ಒಂದು ಸೋಮವಾರ ಮೈಬಿಸಿ ಕಾಣಿಸಿಕೊಂಡಿತು. ಅವರು ಒಂದು ಮಾತ್ರೆ ನುಂಗಿ ಸೋಮವಾರವೂ ಮಂಗಳವಾರವೂ ತಮ್ಮ ಸುತ್ತು ಮುಗಿಸಿ, ಸಂಜೆ ಸಂಘಕ್ಕೆ ಬಂದು ಹಣ ಕಟ್ಟಿ ಹೋದರು. ಬುಧವಾರ ಏಳಲಾಗಲಿಲ್ಲ. ಆ ವಾರ ಮುಗಿಯುವುದರೊಳಗೆ ಕಚೇರಿಯ ಐವರು ಹಾಸಿಗೆ ಹಿಡಿದರು. ಸಂಘದ ಬಾಗಿಲನ್ನು ೧೨ ದಿನ ಮುಚ್ಚಬೇಕಾಯಿತು. ನಾಲ್ವರು ಗುಣ ಹೊಂದಿದರು. ನಿವೃತ್ತಿಗೆ ಇನ್ನೆರಡು ವರ್ಷವಿದ್ದ ಸಿಪಾಯಿಯವರು ಲಿಂಗೈಕ್ಯರಾದರು.

ಸೋಂಕು ಯಾರಿಂದ ಯಾರಿಗೆ ಬಂದಿತೆಂದು ಯಾರು ತಾನೆ ಖಚಿತವಾಗಿ ಹೇಳಬಲ್ಲರು? ಆ ದಿನಗಳಲ್ಲಿ ಅದು ಎಲ್ಲ ಬೀದಿಗಳಲ್ಲಿಯೂ ಇತ್ತು. ಆದುದರಿಂದ ಆ ಸಂಗ್ರಾಹಕರ ಮೇಲೆ ದೋಷ ಹೊರಿಸುವುದು ಅನ್ಯಾಯ. ಆದರೂ ತಿಂಗಳೆರಡು ಕಳೆದ ಮೇಲೆ, ಮನಸ್ಸು ತಡೆಯದೆ, ‘ಜ್ವರವಿದ್ದೂ ಏಕೆ ಬಂದಿರಿ?’ ಎಂದು ನಾವು ಅವರನ್ನು ಕೇಳಿದೆವು. ಅವರು ತಲೆ ತಗ್ಗಿಸಿ ಕೊಟ್ಟ ಉತ್ತರ ಇಂದಿಗೂ ನಮ್ಮನ್ನು ಚುಚ್ಚುತ್ತದೆ. ‘ಬರಬೇಡಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೋಗದ ದಿನ ಕಮಿಷನ್ ಇಲ್ಲ ಎಂಬುದಷ್ಟೇ ಗೊತ್ತಿತ್ತು.’

ಅಂದು ಮನೆಗೆ ಬಂದು ನಾವು ಲೆಕ್ಕ ಹಾಕಿದೆವು. ಮುಚ್ಚಿದ ೧೨ ದಿನಗಳಿಗೆ ಏಳು ಜನರ ಸಂಬಳ ಕೊಟ್ಟೆವು. ಅಂದರೆ ಕೆಲಸವಿಲ್ಲದೆ ಕೊಟ್ಟದ್ದು ೮೪ ದಿನಗಳ ಸಂಬಳ. ಆ ಒಬ್ಬರಿಗೆ ಏಳು ದಿನಗಳ ಸರಾಸರಿ ಕಮಿಷನ್ ಕೊಟ್ಟು ಮನೆಯಲ್ಲಿರಿಸುವ ನಿಯಮವನ್ನು ಮೊದಲೇ ಮಾಡಿದ್ದರೆ ಸಂಘಕ್ಕೆ ತಗಲುತ್ತಿದ್ದುದು ಏಳು ದಿನಗಳ ಹಣ ಮಾತ್ರ. ಸಿಪಾಯಿಯವರ ಪ್ರಾಣಕ್ಕೆ ಲೆಕ್ಕದ ಪುಸ್ತಕದಲ್ಲಿ ಕಲಮು ಇಲ್ಲ.

ಆ ಕೊರೋನಾ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೩ರ ಮೇ ತಿಂಗಳಲ್ಲಿ ಸಾರಿತು. ಬಾಟಲಿಗಳು ಬರಿದಾದವು, ಫಲಕಗಳು ಕಳಚಿ ಬಿದ್ದವು. ‘ಇನ್ನೇಕೆ ಆ ಮಾತು?’ ಎಂದು ವಾಚಕರು ಕೇಳಬಹುದು. ಮಳೆ ನಿಂತ ಮೇಲೆಯೇ ಮಾಳಿಗೆ ಸರಿಮಾಡಿಸಬೇಕೆಂಬುದು ನಮ್ಮ ಉತ್ತರ. ಕೊರೋನಾ ಬರುವುದಕ್ಕೆ ಬಹುಕಾಲ ಮೊದಲಿನಿಂದಲೂ ವೈದ್ಯವಿಜ್ಞಾನಿಗಳು ಭಯಪಟ್ಟು ಕಾಯುತ್ತಿರುವುದು ಇನ್‌ಫ್ಲುಯೆಂಜಾ ಎಂಬ ಮತ್ತೊಂದು ಜ್ವರವನ್ನು. ನಾವು ಫ್ಲೂ ಎಂದು ಹಗುರವಾಗಿ ಕರೆಯುವುದು ಇದನ್ನೇ.

ಈ ಜ್ವರದ ವೈರಾಣು ಬಹುರೂಪಿಯಂತೆ ವೇಷ ಬದಲಿಸುತ್ತಿರುತ್ತದೆ. ವರ್ಷವರ್ಷವೂ ಆಗುವುದು ಸಣ್ಣ ಬದಲಾವಣೆ. ಹಿಂದಿನ ವರ್ಷದ ಜ್ವರದ ಪರಿಚಯ ನಮ್ಮ ದೇಹಕ್ಕೆ ಸ್ವಲ್ಪವಾದರೂ ಇರುವುದರಿಂದ ಹೆಚ್ಚಿನವರು ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. ಅಪರೂಪಕ್ಕೊಮ್ಮೆ ಹಕ್ಕಿಯ ಅಥವಾ ಹಂದಿಯ ವೈರಾಣುವೂ ಮನುಷ್ಯನ ವೈರಾಣುವೂ ಒಂದೇ ದೇಹದಲ್ಲಿ ಕೂಡಿ, ಹಿಂದೆಂದೂ ಕಾಣದ ಹೊಸ ರೂಪ ಹುಟ್ಟುತ್ತದೆ. ಅದರ ಗುರುತು ಬಹುಮಂದಿಯ ದೇಹಕ್ಕೆ ಇರುವುದಿಲ್ಲ. ಆಗ ಅದು ದೇಶದೇಶಗಳನ್ನು ದಾಟಿ ಜಗತ್ತನ್ನೇ ವ್ಯಾಪಿಸುತ್ತದೆ. ೧೯೧೮, ೧೯೫೭, ೧೯೬೮, ೨೦೦೯ ಈ ನಾಲ್ಕು ವರ್ಷಗಳಲ್ಲಿ ಹೀಗೆ ಹೊಸ ಫ್ಲೂ ಜಗತ್ತನ್ನು ಸುತ್ತಿತು. ೧೯೫೭ರಲ್ಲಿ ಅದು ಮದರಾಸಿನ ಬಂದರಿಗೆ ಹಡಗಿನಲ್ಲಿ ಬಂದಿಳಿಯಿತು. ೨೦೦೯ರಲ್ಲಿ ವಿಮಾನದಲ್ಲಿ ಬಂದದ್ದನ್ನು ನಾವೆಲ್ಲರೂ ಹಂದಿಜ್ವರವೆಂಬ ಹೆಸರಿನಲ್ಲಿ ಬಲ್ಲೆವು. ಇವುಗಳ ನಡುವಿನ ಅಂತರ ೩೯, ೧೧, ೪೧ ವರ್ಷಗಳು. ಮುಂದಿನದರ ದಿನಾಂಕವನ್ನು ಯಾವ ಪಂಚಾಂಗವೂ ಹೇಳಲಾರದು. ೧೯೯೭ರಲ್ಲಿ ಹಾಂಗ್‌ಕಾಂಗಿನಲ್ಲಿ ಹಕ್ಕಿಜ್ವರ ಮನುಷ್ಯರಿಗೆ ತಗುಲಿ ೧೮ ಮಂದಿಯಲ್ಲಿ ೬ ಮಂದಿ ತೀರಿಕೊಂಡರು. ಅದೇ ಜಾತಿಯ ಜ್ವರ ೨೦೨೪ರಲ್ಲಿ ಅಮೆರಿಕದ ಹಾಲು ಕರೆಯುವ ಹಸುಗಳಲ್ಲಿಯೂ ಕಾಣಿಸಿಕೊಂಡಿತು. ಮನುಷ್ಯನಿಂದ ಮನುಷ್ಯನಿಗೆ ಸಲೀಸಾಗಿ ಹರಡುವ ಕಲೆಯನ್ನು ಅದು ಕಲಿತರೆ ಏನು ಗತಿ ಎಂಬುದೇ ತಜ್ಞರ ಚಿಂತೆ.

ಈ ನಾಲ್ಕರಲ್ಲಿ ಅತ್ಯಂತ ಘೋರವಾದದ್ದು ೧೯೧೮ರದು. ಬೆಳಗಾವಿ, ಧಾರವಾಡ, ವಿಜಾಪುರಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ನಮ್ಮ ಭಾಗದ ಹಿರಿಯರ ನೆನಪಿನಲ್ಲಿ ಆ ವರ್ಷ ಮಳೆ ಕೈಕೊಟ್ಟ ವರ್ಷವೂ ಹೌದು, ಜ್ವರದ ವರ್ಷವೂ ಹೌದು. ಆ ಜ್ವರ ಮುಂಬಯಿ ನಗರವನ್ನು ಹೊಕ್ಕ ಬಗೆಯನ್ನು ಅಂದಿನ ಆರೋಗ್ಯಾಧಿಕಾರಿಗಳು ದಾಖಲಿಸಿಟ್ಟಿದ್ದಾರೆ. ಜೂನ್ ತಿಂಗಳಲ್ಲಿ ಮೊದಲು ಆಸ್ಪತ್ರೆ ಸೇರಿದವರು ಏಳು ಮಂದಿ ಪೊಲೀಸ್ ಸಿಪಾಯಿಗಳು. ಅವರಲ್ಲೊಬ್ಬನಿಗೆ ಹಡಗುಕಟ್ಟೆಯಲ್ಲಿ ಕಾವಲು ಕೆಲಸ. ಆ ಬಳಿಕ ಹಡಗು ವ್ಯಾಪಾರದ ಸಂಸ್ಥೆಯ ನೌಕರರು, ಬಂದರಿನ ಆಡಳಿತ ಕಚೇರಿಯವರು, ಒಂದು ಬ್ಯಾಂಕಿನವರು, ತಂತಿ ಕಚೇರಿಯವರು, ಟಂಕಸಾಲೆಯವರು, ಬಟ್ಟೆ ಗಿರಣಿಯವರು. ಈ ಸಾಲನ್ನು ವಾಚಕರು ಮತ್ತೊಮ್ಮೆ ಓದಬೇಕೆಂದು ನಮ್ಮ ಬಿನ್ನಹ. ಜ್ವರ ಕೆಲಸದ ಸ್ಥಳದಿಂದ ಕೆಲಸದ ಸ್ಥಳಕ್ಕೆ ನಡೆದು ಹೋಗಿದೆ. ಅಲ್ಲಿಂದ ಸಂಜೆ ಮನೆಮನೆಗೆ ಹೋಗಿದೆ, ಮನೆಗಳಿಂದ ರೈಲಿನಲ್ಲಿ ಊರೂರಿಗೆ ಹೋಗಿದೆ. ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಎದ್ದ ಎರಡನೆಯ ಅಲೆ ಮೊದಲಿನದಕ್ಕಿಂತ ಬಹುಪಾಲು ಕ್ರೂರವಾಗಿತ್ತು. ೨೦ರಿಂದ ೪೦ ವಯಸ್ಸಿನವರು, ಅಂದರೆ ದುಡಿದು ಮನೆ ನಡೆಸುವವರೇ ಹೆಚ್ಚಾಗಿ ಸತ್ತರು. ಭಾರತದಲ್ಲಿ ಮಡಿದವರ ಸಂಖ್ಯೆ ಕೋಟಿಯನ್ನು ದಾಟಿತು. ೧೯೧೧ರಿಂದ ೧೯೨೧ರ ದಶಕದಲ್ಲಿ ದೇಶದ ಜನಸಂಖ್ಯೆ ಹೆಚ್ಚುವುದಕ್ಕೆ ಬದಲು ಇಳಿಯಿತು. ಇಪ್ಪತ್ತನೆಯ ಶತಮಾನದ ಇನ್ನಾವ ದಶಕದಲ್ಲಿಯೂ ಹಾಗಾಗಲಿಲ್ಲ.

ಹಾಗಾದರೆ ನಮ್ಮ ಅಂಗಡಿ, ಗಿರಣಿ, ಶಾಲೆ, ಸಂಘ, ಕಾರ್ಯಾಲಯಗಳನ್ನು ಮೊದಲೇ ಸಜ್ಜುಗೊಳಿಸುವುದು ಹೇಗೆ? ಇದಕ್ಕೆ ಜ್ವರದ ನಡೆಯನ್ನು ಸ್ವಲ್ಪ ತಿಳಿದಿರಬೇಕು. ಫ್ಲೂ ವೈರಾಣು ದೇಹ ಹೊಕ್ಕ ೧ರಿಂದ ೪ ದಿನಗಳಲ್ಲಿ, ಸಾಮಾನ್ಯವಾಗಿ ಎರಡನೆಯ ದಿನ, ಜ್ವರ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಒಂದು ದಿನ ಮೊದಲಿನಿಂದಲೇ ಆ ವ್ಯಕ್ತಿ ಇತರರಿಗೆ ಅಂಟಿಸಬಲ್ಲ. ಜ್ವರ ಬಂದ ಮೊದಲ ಮೂರು ನಾಲ್ಕು ದಿನಗಳಲ್ಲಿ ಅಂಟುವುದು ಅತಿ ಹೆಚ್ಚು. ಐದರಿಂದ ಏಳು ದಿನಗಳವರೆಗೂ ಅದು ಉಳಿದಿರಬಹುದು. ‘ಎರಡು ದಿನ ನೋಡೋಣ, ಹೆಚ್ಚಾದರೆ ರಜೆ ಹಾಕೋಣ’ ಎಂದು ಕೆಲಸಕ್ಕೆ ಬರುವ ಆ ಎರಡು ದಿನಗಳೇ ಅತ್ಯಂತ ಅಪಾಯದ ದಿನಗಳೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮತ್ತೊಂದು ಸಂಗತಿ ಲಸಿಕೆಯದು. ಹೊಸ ರೂಪದ ವೈರಾಣುವಿಗೆ ತಕ್ಕ ಲಸಿಕೆಯನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುವ ರೂಢಿಯ ವಿಧಾನದಲ್ಲಿ ಸಿದ್ಧಪಡಿಸಲು ಐದಾರು ತಿಂಗಳು ಬೇಕು. ಆ ಐದಾರು ತಿಂಗಳು ನಮ್ಮನ್ನು ಕಾಯಬೇಕಾದದ್ದು ನಮ್ಮ ನಡತೆ ಮಾತ್ರ.

ಆದಕಾರಣ ಸಿದ್ಧತೆಯ ಮೊದಲ ಹೆಜ್ಜೆ ಬಾಟಲಿಯಲ್ಲ, ಒಂದು ನಿಯಮ. ‘ಜ್ವರ, ಕೆಮ್ಮು, ಮೈಕೈ ನೋವು ಕಂಡ ದಿನವೇ ಮನೆಯಲ್ಲಿ ಉಳಿಯಿರಿ, ಆ ದಿನಗಳ ಕೂಲಿ ಕಡಿತವಾಗುವುದಿಲ್ಲ’ ಎಂಬ ಎರಡು ವಾಕ್ಯಗಳನ್ನು ಬರೆದು, ಸಂಸ್ಥೆಯ ಹಿರಿಯರು ಸಹಿ ಮಾಡಿ, ಎಲ್ಲರ ಮುಂದೆ ಓದಿ ಹೇಳಬೇಕು. ಮೊದಲನೆಯ ವಾಕ್ಯವನ್ನು ಬರೆದು ಎರಡನೆಯದನ್ನು ಬಿಟ್ಟರೆ ಅದು ಬಡವನ ಪಾಲಿಗೆ ನಿಯಮವಲ್ಲ, ದಂಡ. ಹಸಿದ ಮಕ್ಕಳ ಮುಖ ನೋಡಿದ ತಂದೆ ಜ್ವರವನ್ನು ಮುಚ್ಚಿಟ್ಟು ಬಂದೇ ಬರುತ್ತಾನೆ. ಮಾತ್ರೆಯ ಬಲದಿಂದ ಮೈ ತಣ್ಣಗಿರಿಸಿಕೊಂಡು ಬರುತ್ತಾನೆ. ಬಾಗಿಲಲ್ಲಿ ಹಣೆಗೆ ಹಿಡಿಯುವ ಉಷ್ಣಮಾಪಕಕ್ಕೆ ಅವನ ಗುಟ್ಟು ತಿಳಿಯುವುದಿಲ್ಲ.

ಕಾನೂನು ಈ ವಿಷಯದಲ್ಲಿ ಸಂಪೂರ್ಣ ಮೌನವಾಗಿಲ್ಲ. ನಮ್ಮ ರಾಜ್ಯದ ೧೯೬೧ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಕಾಯಿಲೆ ಮೊದಲಾದ ಕಾರಣಗಳಿಗೆ ವರ್ಷಕ್ಕೆ ೧೨ ದಿನಗಳ ಸಂಬಳ ಸಹಿತ ರಜೆಯುಂಟು. ನೌಕರರ ರಾಜ್ಯ ವಿಮೆಗೆ ಒಳಪಟ್ಟವರಿಗೆ, ವಂತಿಗೆಯ ನಿಯಮ ಪೂರೈಸಿದ್ದರೆ, ಕಾಯಿಲೆಯ ದಿನಗಳಲ್ಲಿ ಸಂಬಳದ ಶೇಕಡ ೭೦ರಷ್ಟನ್ನು ವರ್ಷಕ್ಕೆ ೯೧ ದಿನಗಳವರೆಗೆ ಕೊಡುವ ಸೌಲಭ್ಯವಿದೆ. ನಮ್ಮಲ್ಲಿ ಎಷ್ಟು ಅಂಗಡಿಗಳ ಹುಡುಗರಿಗೆ ಈ ಹಕ್ಕು ಇದೆಯೆಂಬುದು ಗೊತ್ತಿದೆ? ಎಷ್ಟು ಮಾಲೀಕರು ಅದನ್ನು ತಾವಾಗಿ ಹೇಳಿದ್ದಾರೆ? ಕಮಿಷನ್ ಮೇಲೆ ದುಡಿಯುವವರು, ಹಮಾಲರು, ದಿನಗೂಲಿಯವರು ಈ ಬಲೆಯ ಕಣ್ಣುಗಳಿಂದ ಹೊರಗೆ ಜಾರಿ ಹೋಗುತ್ತಾರೆ. ಅವರಿಗಾಗಿ ಪ್ರತಿಯೊಂದು ಸಂಸ್ಥೆಯೂ ಲಾಭದ ಒಂದು ಪಾಲನ್ನು ಪ್ರತ್ಯೇಕ ನಿಧಿಯಾಗಿ ಕೂಡಿಡುವುದು ಉಚಿತ.

‘ಹೀಗೆ ಮಾಡಿದರೆ ಎಲ್ಲರೂ ಸುಳ್ಳು ಜ್ವರ ಹೇಳಿ ಮನೆಯಲ್ಲಿ ಕುಳಿತಾರು’ ಎಂದು ನಮ್ಮ ಮಂಡಳಿಯ ಸಭೆಯಲ್ಲಿಯೇ ಒಬ್ಬ ಹಿರಿಯರು ಆಕ್ಷೇಪಿಸಿದರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಅಂತಹವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಆದರೆ ಸುಳ್ಳು ಹೇಳಿ ಮನೆಯಲ್ಲಿ ಉಳಿದವನಿಂದ ಸಂಸ್ಥೆಗೆ ಆಗುವ ನಷ್ಟ ಎರಡು ದಿನದ ಕೂಲಿ. ಸುಳ್ಳು ಹೇಳಿ ಕೆಲಸಕ್ಕೆ ಬಂದವನಿಂದ ಆಗುವ ನಷ್ಟವನ್ನು ನಾವು ಮೇಲೆಯೇ ಲೆಕ್ಕ ಹಾಕಿ ತೋರಿಸಿದ್ದೇವೆ. ಮೊದಲ ದಿನಗಳಿಗೆ ವೈದ್ಯರ ಪ್ರಮಾಣಪತ್ರ ಕೇಳದಿರುವುದೂ ಒಳ್ಳೆಯದು. ಸಾಂಕ್ರಾಮಿಕದ ನಡುವೆ ಒಂದು ಚೀಟಿಗಾಗಿ ರೋಗಿಯನ್ನು ದವಾಖಾನೆಯ ಸಾಲಿನಲ್ಲಿ ನಿಲ್ಲಿಸುವುದರಿಂದ ವೈದ್ಯರಿಗೂ ಹೊರೆ, ಸಾಲಿನಲ್ಲಿರುವವರಿಗೂ ಅಪಾಯ.

ಎರಡನೆಯ ಹೆಜ್ಜೆ ಕೆಲಸಗಳ ವಿಂಗಡಣೆ. ಅಮೆರಿಕದ ಸರ್ಕಾರ ೨೦೦೬ರಲ್ಲಿ ಫ್ಲೂ ಸಾಂಕ್ರಾಮಿಕಕ್ಕಾಗಿ ಸಿದ್ಧಪಡಿಸಿದ ಯೋಜನೆಯಲ್ಲಿ, ಅಲೆಯ ಉತ್ತುಂಗದ ವಾರಗಳಲ್ಲಿ ಶೇಕಡ ೪೦ರಷ್ಟು ನೌಕರರು ಗೈರುಹಾಜರಾಗಬಹುದೆಂದು ಎಣಿಸಿ ಸಜ್ಜಾಗಬೇಕೆಂದು ಸೂಚಿಸಿತ್ತು. ಅಷ್ಟೂ ಜನ ತಾವೇ ರೋಗಿಗಳಾಗಿರುವುದಿಲ್ಲ. ಮನೆಯ ರೋಗಿಗಳನ್ನು ನೋಡಿಕೊಳ್ಳುವವರು, ಶಾಲೆ ಮುಚ್ಚಿದ್ದರಿಂದ ಮಕ್ಕಳನ್ನು ಬಿಟ್ಟುಬರಲಾಗದ ತಾಯಂದಿರು, ಭಯದಿಂದ ಬಾರದವರು, ಎಲ್ಲರೂ ಅದರಲ್ಲಿ ಸೇರುತ್ತಾರೆ. ಹತ್ತು ಜನರ ಸಂಸ್ಥೆಯಲ್ಲಿ ನಾಲ್ವರು ಬಾರದಿದ್ದರೆ ಯಾವುದು ನಡೆಯಲೇಬೇಕು, ಯಾವುದು ಒಂದು ತಿಂಗಳು ತಡೆಯಬಹುದು ಎಂಬುದನ್ನು ಇಂದೇ ಬರೆದಿಡಬೇಕು. ನಮ್ಮ ಸಂಘದ ಮಟ್ಟಿಗೆ ಠೇವಣಿದಾರರಿಗೆ ಅವರ ಹಣ ಕೊಡುವುದು ನಿಲ್ಲುವಂತಿಲ್ಲ. ಆಸ್ಪತ್ರೆಯ ಖರ್ಚಿಗೆ ಅದೇ ಗತಿ. ಹೊಸ ಸಾಲದ ಅರ್ಜಿಗಳು ಕಾಯಬಹುದು. ಶಾಲೆಯ ಪ್ರಸಾದ ನಿಲಯದಲ್ಲಿ ಅಡುಗೆ ನಿಲ್ಲುವಂತಿಲ್ಲ; ವಾರ್ಷಿಕೋತ್ಸವ ಕಾಯಬಹುದು. ನಡೆಯಲೇಬೇಕಾದ ಒಂದೊಂದು ಕೆಲಸವನ್ನೂ ಕನಿಷ್ಠ ಇಬ್ಬರು ಕಲಿತಿರಬೇಕು. ತಿಜೋರಿಯ ಕೀಲಿ, ಗಣಕಯಂತ್ರದ ಗುಪ್ತಪದ, ಸಗಟು ವ್ಯಾಪಾರಿಗಳ ದೂರವಾಣಿ ಸಂಖ್ಯೆ ಇವು ಒಬ್ಬನ ಜೇಬಿನಲ್ಲಿಯೋ ತಲೆಯಲ್ಲಿಯೋ ಇದ್ದರೆ ಅವನಿಗೆ ಬಂದ ಜ್ವರ ಸಂಸ್ಥೆಗೇ ಬಂದಂತೆ. ಸಾಧ್ಯವಿದ್ದಲ್ಲಿ ಕೆಲಸಗಾರರನ್ನು ಎರಡು ತಂಡ ಮಾಡಿ, ಒಂದರವರು ಮತ್ತೊಂದರವರನ್ನು ಸಂಧಿಸದಂತೆ ಪಾಳಿ ಹಾಕಬೇಕು. ಒಂದು ತಂಡ ಮಲಗಿದರೂ ಮತ್ತೊಂದು ನಿಲ್ಲುತ್ತದೆ.

ಮೂರನೆಯದು ಗಾಳಿ ಮತ್ತು ಕೈ. ಫ್ಲೂ ಹರಡುವುದು ಮುಖ್ಯವಾಗಿ ಕೆಮ್ಮು, ಸೀನು, ಮಾತಿನೊಂದಿಗೆ ಹೊರಬೀಳುವ ತುಂತುರಿನಿಂದ; ಅದರಲ್ಲೂ ಗಾಳಿಯಾಡದ ಕೋಣೆಯಲ್ಲಿ. ಹವಾನಿಯಂತ್ರಣದ ಮೋಹದಿಂದ ಮೊಳೆ ಹೊಡೆದು ಮುಚ್ಚಿದ ಕಿಟಕಿಗಳನ್ನು ಮರಳಿ ತೆರೆಯುವುದಕ್ಕೆ ಖರ್ಚಿಲ್ಲ. ಎದುರುಬದುರಾಗಿ ಎರಡು ಕಿಟಕಿ ತೆರೆದರೆ ಗಾಳಿ ಹಾದುಹೋಗುತ್ತದೆ. ವೈರಾಣುವಿನ ಹೊರಪದರ ಕೊಬ್ಬಿನಿಂದಾದದ್ದು, ಸಾಬೂನಿಗೆ ಅದು ಒಡೆದುಹೋಗುತ್ತದೆ. ಆದುದರಿಂದ ೨೦ ಸೆಕೆಂಡುಗಳ ಕಾಲ ಕೈಯುಜ್ಜಿ ತೊಳೆಯುವುದಕ್ಕೆ ಸಮನಾದ ಅಗ್ಗದ ರಕ್ಷೆ ಇನ್ನೊಂದಿಲ್ಲ. ನಯವಾದ ಲೋಹ ಮತ್ತು ಪ್ಲಾಸ್ಟಿಕ್‌ಗಳ ಮೇಲೆ ಈ ವೈರಾಣು ಒಂದೆರಡು ದಿನ ಬದುಕಬಲ್ಲದು. ಕಾಗದ ಬಟ್ಟೆಗಳ ಮೇಲೆ ಅದಕ್ಕಿಂತ ಕಡಿಮೆ ಹೊತ್ತು. ನೋಟು ಎಣಿಸುವಾಗ, ಖಾತೆ ಪುಸ್ತಕದ ಹಾಳೆ ತಿರುವುವಾಗ ಬೆರಳನ್ನು ನಾಲಿಗೆಗೆ ಹಚ್ಚುವ ಅಭ್ಯಾಸ ನಮ್ಮ ಗಲ್ಲೆಗಳಲ್ಲಿ ತಲೆತಲಾಂತರದಿಂದ ಬಂದಿದೆ. ಒದ್ದೆ ಸ್ಪಂಜಿನ ಪುಟ್ಟ ಬಟ್ಟಲು ಆ ಅಭ್ಯಾಸವನ್ನು ಬಿಡಿಸಬಲ್ಲದು. ಮಡಕೆಯ ಬಳಿ ಇರುವ ಒಂದೇ ಲೋಟವನ್ನು ತೆಗೆದು, ಒಬ್ಬೊಬ್ಬರಿಗೂ ಹೆಸರು ಬರೆದ ಲೋಟ ಕೊಡಬೇಕು. ಅಂಗಡಿಯ ಅಮಾವಾಸ್ಯೆಯ ಪೂಜೆಯ ಪ್ರಸಾದವನ್ನು ಕೈಯಿಂದ ಕೈಗೆ ಹಂಚದೆ ಎಲೆಯಲ್ಲಿಯೋ ಪೊಟ್ಟಣದಲ್ಲಿಯೋ ಕೊಟ್ಟರೆ ಭಕ್ತಿಗೆ ಕುಂದಾಗದು.

ನಾಲ್ಕನೆಯದು ಸಂಗ್ರಹ. ಸಾಬೂನು, ಮುಖಗವಸು, ಉಷ್ಣಮಾಪಕ, ಜ್ವರದ ಮಾತ್ರೆ ಇವು ಒಂದು ಅಲೆ ದಾಟುವಷ್ಟು, ಅಂದರೆ ಆರೆಂಟು ವಾರಗಳಿಗಾಗುವಷ್ಟು ಇದ್ದರೆ ಸಾಕು. ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಕಥೆ ನೆನಪಾಗುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಆ ತಾಯಿ ಹೆಚ್ಚಾದದ್ದನ್ನು ತೆಗೆದ ಜಾಗದಲ್ಲಿಯೇ ಸುರಿದು ಬರುವಂತೆ ಪತಿಗೆ ಹೇಳಿದರು. ೨೦೨೦ರಲ್ಲಿ ಮುಖಗವಸು, ಮಾತ್ರೆಗಳನ್ನು ಕೆಲವರು ಪೆಟ್ಟಿಗೆಗಟ್ಟಲೆ ಮನೆಯಲ್ಲಿ ತುಂಬಿಕೊಂಡಾಗ ದಾದಿಯರಿಗೂ ವೈದ್ಯರಿಗೂ ಅವು ಸಿಗದೆ ಹೋದುದನ್ನು ಕಂಡಿದ್ದೇವೆ. ಶಾಂತಿಯ ಕಾಲದಲ್ಲಿ ಅಷ್ಟಷ್ಟಾಗಿ ಕೊಂಡಿಡುವುದು ಸಿದ್ಧತೆ. ಆಪತ್ತಿನ ಕಾಲದಲ್ಲಿ ಬಾಚಿಕೊಳ್ಳುವುದು ಆಸೆ. ಇವೆರಡರ ಭೇದವನ್ನು ಲಕ್ಕಮ್ಮನವರು ಎಂಟುನೂರು ವರ್ಷಗಳ ಹಿಂದೆಯೇ ಕಾಣಿಸಿಕೊಟ್ಟಿದ್ದಾರೆ.

ಔಷಧದ ಬಗ್ಗೆ ಒಂದು ಎಚ್ಚರಿಕೆ. ಪ್ರತಿಜೀವಕ ಮಾತ್ರೆಗಳು ವೈರಾಣುವಿಗೆ ನಾಟುವುದಿಲ್ಲ. ಫ್ಲೂಗೆಂದೇ ಇರುವ ಓಸೆಲ್ಟಾಮಿವಿರ್ ಎಂಬ ಔಷಧವನ್ನು ವೈದ್ಯರ ಸಲಹೆಯಂತೆ, ರೋಗ ಕಂಡ ೪೮ ಗಂಟೆಗಳೊಳಗೆ ಆರಂಭಿಸಿದರೆ ಫಲ ಹೆಚ್ಚು. ವೃದ್ಧರು, ಗರ್ಭಿಣಿಯರು, ಸಕ್ಕರೆ ಕಾಯಿಲೆ, ಹೃದಯದ ಬೇನೆ, ಉಬ್ಬಸ ಇರುವವರು ಕಾಯದೆ ವೈದ್ಯರನ್ನು ಕಾಣಬೇಕು. ಉಸಿರಾಟದ ಕಷ್ಟ, ಎದೆನೋವು, ಮಂಕು ಕವಿಯುವುದು, ಬಿಟ್ಟ ಜ್ವರ ಮತ್ತೆ ಏರುವುದು ಇವು ಕಂಡರೆ ಯಾರೇ ಆಗಲಿ ಆಸ್ಪತ್ರೆಗೆ ಹೋಗಲೇಬೇಕು. ಪ್ರತಿವರ್ಷದ ಫ್ಲೂ ಲಸಿಕೆಯಿಂದ ಮುಂದಿನ ಹೊಸ ರೂಪ ತಡೆಯುವುದೆಂಬ ಭರವಸೆಯಿಲ್ಲ. ಆದರೂ ಮೇಲೆ ಹೇಳಿದ ದುರ್ಬಲರಿಗೆ ಪ್ರತಿವರ್ಷದ ಜ್ವರದಿಂದ ಅದು ರಕ್ಷಣೆ ಕೊಡುತ್ತದೆ. ವೈದ್ಯರನ್ನು ಕೇಳಿ ಹಾಕಿಸಿಕೊಳ್ಳುವುದು ಹಿತ.

ಜ್ವರದ ಮಾತ್ರೆಯ ಸಹಾಯವಿಲ್ಲದೆ ಪೂರ್ತಿ ಒಂದು ದಿನ ಜ್ವರ ಮರಳದಿದ್ದರೆ ಕೆಲಸಕ್ಕೆ ಹಿಂದಿರುಗಬಹುದೆಂಬುದು ಸಾಮಾನ್ಯ ಫ್ಲೂವಿಗೆ ಒಪ್ಪಿತವಾದ ನಿಯಮ. ಸಾಂಕ್ರಾಮಿಕದ ಕಾಲದಲ್ಲಿ ಆರೋಗ್ಯ ಇಲಾಖೆ ಹೆಚ್ಚು ದಿನ ಹೇಳಿದರೆ ಅದನ್ನೇ ಪಾಲಿಸಬೇಕು. ಗುಣವಾಗಿ ಬಂದವರನ್ನು ದೂರ ಕೂರಿಸುವುದು, ‘ಇವರಿಂದಲೇ ಬಂತು’ ಎಂದು ಪಿಸುಗುಟ್ಟುವುದು ಶರಣಧರ್ಮಕ್ಕೆ ಸಲ್ಲದ ಮಾತು. ಹಾಗೆ ಆಡಿಕೊಂಡ ಕಡೆ ಮುಂದಿನ ರೋಗಿ ತನ್ನ ರೋಗವನ್ನು ಬಚ್ಚಿಡುತ್ತಾನೆ.

ಇಷ್ಟನ್ನೂ ಓದಿದ ತಾಯಂದಿರು, ‘ಇದು ಅಂಗಡಿ ಕಚೇರಿಗಳವರ ಮಾತು, ನಮಗೇನು?’ ಎಂದು ಪುಟ ತಿರುವಬಾರದು. ಮನೆಯೂ ಒಂದು ಕೆಲಸದ ಸ್ಥಳವೇ. ಮುಸುರೆ ತಿಕ್ಕಲು ಬರುವ ಹೆಣ್ಣುಮಗಳು ಬೆಳಗಿನಿಂದ ಮಧ್ಯಾಹ್ನದೊಳಗೆ ನಾಲ್ಕಾರು ಮನೆಗಳ ಹೊಸ್ತಿಲು ದಾಟುತ್ತಾಳೆ. ಅವಳಿಗೆ ಜ್ವರ ಬಂದ ದಿನ ಯಾವ ಕಾಯ್ದೆಯ ರಜೆಯೂ ಇಲ್ಲ. ನಿಮ್ಮ ಬಾಯಿಮಾತೇ ಅವಳ ಕಾಯ್ದೆ. ‘ಮೈ ಬೆಚ್ಚಗಾದರೆ ಬರಬೇಡವ್ವ, ಪಗಾರ ಹಿಡಿಯುವುದಿಲ್ಲ’ ಎಂದು ಇಂದೇ ಹೇಳಿಡಬೇಕು. ನೆರೆಯ ಮನೆಯವರಿಂದಲೂ ಅದೇ ಮಾತು ಹೇಳಿಸಬೇಕು. ಒಂದು ಮನೆಯವರು ಹೇಳಿ ಮೂರು ಮನೆಯವರು ಹೇಳದಿದ್ದರೆ ಅವಳು ನಾಲ್ಕು ಮನೆಗೂ ಬರುತ್ತಾಳೆ.

೧೯೧೮ರ ಆ ಕಷ್ಟದಲ್ಲಿ ಸರ್ಕಾರದ ಕೈ ಸಾಲದಾದಾಗ ಮುಂಬಯಿಯಲ್ಲಿ ಸಮುದಾಯಗಳ ಸಂಘಸಂಸ್ಥೆಗಳೇ ಮುಂದೆ ಬಂದು ತಾತ್ಕಾಲಿಕ ಆಸ್ಪತ್ರೆಗಳನ್ನು ತೆರೆದವು, ಔಷಧ ಹಂಚಿದವು. ನಮ್ಮ ಸಮಾಜಕ್ಕೆ ಅಂತಹ ಕಾರ್ಯ ಹೊಸದೇನಲ್ಲ. ದಾಸೋಹದ ಒಲೆಗಳು ನಮ್ಮ ಮಠಗಳಲ್ಲಿ ದಿನವೂ ಉರಿಯುತ್ತಿವೆ. ಜ್ವರಪೀಡಿತನಾಗಿ ಮನೆಯಲ್ಲಿ ಉಳಿದ ಕೆಲಸಗಾರನ ಬಾಗಿಲಿಗೆ ಬಿಸಿ ಗಂಜಿ ತಲುಪಿಸುವುದು, ದಿನಕ್ಕೊಮ್ಮೆ ದೂರವಾಣಿಯಲ್ಲಿ ಅವನನ್ನು ವಿಚಾರಿಸುವುದು ಅದೇ ದಾಸೋಹದ ಇನ್ನೊಂದು ರೂಪ. ಶರಣರು ಕಾಯಕವನ್ನು ದಾಸೋಹದಿಂದ ಬೇರ್ಪಡಿಸಿ ನೋಡಲಿಲ್ಲ. ದುಡಿದದ್ದು ಪರರ ಹಿತಕ್ಕೆ ಸಂದಾಗಲೇ ಅದು ಕಾಯಕ. ಪರರಿಗೆ ರೋಗ ಹಂಚುವ ದುಡಿಮೆ ಎಷ್ಟೇ ಶ್ರದ್ಧೆಯದಾದರೂ ಆ ಹೆಸರಿಗೆ ಅರ್ಹವಾಗದು. ಜ್ವರದಲ್ಲಿಯೂ ಅಂಗಡಿ ತೆರೆದ ಅಜ್ಜನವರನ್ನು ನಾವು ಹೀಗಳೆಯುತ್ತಿಲ್ಲ. ರೋಗ ಹರಡುವ ಬಗೆ ಅವರಿಗೆ ತಿಳಿದಿರಲಿಲ್ಲ, ನಮಗೆ ತಿಳಿದಿದೆ. ತಿಳಿದ ಮೇಲೆ ಹೊಣೆ ಹೆಚ್ಚು.

ನಮ್ಮ ಸಂಘದಲ್ಲಿ ಆ ವರ್ಷವೇ ಠರಾವು ಮಾಡಿ, ಪಿಗ್ಮಿ ಸಂಗ್ರಹಿಸುವವರಿಗೂ ಕಾಯಿಲೆಯ ಏಳು ದಿನಗಳ ಸರಾಸರಿ ಕಮಿಷನ್ ಕೊಡುವ ನಿಯಮ ತಂದೆವು. ಆಕ್ಷೇಪಿಸಿದ್ದ ಹಿರಿಯರೇ ಅದಕ್ಕೆ ಅನುಮೋದನೆ ಸೂಚಿಸಿದರು. ಆ ನಿಯಮದ ಹಾಳೆಯನ್ನು ಸಿಪಾಯಿಯವರು ಕುಳಿತುಕೊಳ್ಳುತ್ತಿದ್ದ ಬಾಗಿಲ ಬಳಿಯ ಗೋಡೆಗೆ ಅಂಟಿಸಲಾಗಿದೆ. ಅವರು ಇದ್ದಾಗಲೇ ಅದನ್ನು ಬರೆಯಬೇಕಾಗಿತ್ತು. ನಿಮ್ಮ ಗೋಡೆ ಇನ್ನೂ ಬರಿದಾಗಿದ್ದರೆ, ನಿಮ್ಮವರೆಲ್ಲರೂ ಕ್ಷೇಮವಾಗಿರುವ ಈ ತಿಂಗಳಲ್ಲಿಯೇ ಆ ಎರಡು ವಾಕ್ಯಗಳನ್ನು ಬರೆದುಬಿಡಿ.